ದಿನಾ ಓಡ್ಸೋಕೂ ಟ್ರೈಲರ್ ಎಳ್ಯೋಕೂ ಒಂದೇ ಡೀಸೆಲ್ ಪಿಕಪ್ ಬೇಕು ಅನ್ನೋರಿಗೆ

ಪಿಕಪ್ ತಗೋಬೇಕು ಅಂದ ತಕ್ಷಣ ಎಲ್ಲರೂ ಇಂಜಿನ್ ಎಷ್ಟು ಪವರ್ ಅಂತ ನೋಡೋಕೆ ಶುರು ಮಾಡ್ತಾರೆ. ನಾನು ಹೇಳೋದಾದ್ರೆ ಶೋರೂಮ್ ಕಡೆ ಹೋಗೋ ಮುಂಚೆ ನೀವು ಎಳ್ಯೋ ಟ್ರೈಲರನ್ನ ಲೋಡ್ ಸಮೇತ ಹತ್ತಿರದ ವೇಬ್ರಿಡ್ಜ್ ಮೇಲೆ ಹತ್ಸಿ, ಚಿಲ್ರೆ ದುಡ್ಡಲ್ಲಿ ಆಗೋ ಕೆಲ್ಸ. ಆ ಚೀಟೀಲಿ ಬರೋ ತೂಕ ಗೊತ್ತಿಲ್ದೇ ಗಾಡಿ ಆರಿಸೋಕೆ ಆಗಲ್ಲ. ಮಾಗಡಿ ಕಡೆ ತೋಟಕ್ಕೆ ಪವರ್ ಟಿಲ್ಲರ್ ಸಾಗ್ಸೋದಾದ್ರೆ ಟ್ರೈಲರ್ ಸೇರಿ ಒಂದು ಟನ್ ಒಳಗೇ ಇರತ್ತೆ. ಅದೇ ಆಫ್‌ರೋಡ್‌ಗೆ ಹಳೇ ಜಿಪ್ಸಿ ಹಾಕ್ಕೊಂಡು ಹೋಗೋರಿಗೆ ಗಾಡಿನೇ ಹತ್ತತ್ರ ಒಂದು ಟನ್, ಮೇಲೆ ಟ್ರೈಲರ್‌ನ ಕಬ್ಬಿಣ, ಟೂಲ್ಸು, ಸ್ಪೇರ್ ಟೈರು ಅಂತ ಸೇರಿ ಆರಾಮಾಗಿ 1,700 ಕೆಜಿ ಆಗ್ಬಿಡತ್ತೆ.

ಈಗ ಯಾರೂ ಹೇಳದ ವಿಷ್ಯ. ಟ್ರೈಲರ್ ತೂಕದಲ್ಲಿ ಸುಮಾರು 10% ಹಿಚ್ ಬಾಲ್ (ಪಿಕಪ್ ಹಿಂದೆ ಟ್ರೈಲರ್ ಸಿಕ್ಕಿಸೋ ಗುಂಡು) ಮೇಲೆ ಕೂರ್ಬೇಕು, ಅಂದ್ರೆ 1,700ಕ್ಕೆ 170 ಕೆಜಿ. ಈ 170 ನಿಮ್ಮ ಪಿಕಪ್‌ನ ಪೇಲೋಡ್‌ನಿಂದಲೇ, ಅಂದ್ರೆ ಗಾಡಿ ಹೊರಬಹುದಾದ ತೂಕದಿಂದಲೇ, ಕಟ್ ಆಗತ್ತೆ. ಒಳಗೆ 70 ಕೆಜಿ ತೂಗೋ ನಾಲ್ಕು ಜನ ಕೂತ್ರೆ ಇನ್ನೊಂದು 280, ಒಟ್ಟು 450 ಆಯ್ತು, ಹಿಂದೆ ತೊಟ್ಟಿಲಿ ಇನ್ನೂ ಒಂದು ಚೀಲನೂ ಇಟ್ಟಿಲ್ಲ. ಗಾಡಿಯ ಗ್ರಾಸ್ ತೂಕದಿಂದ (ಲೋಡ್ ಸಮೇತ ಇರಬಹುದಾದ ಗರಿಷ್ಠ ತೂಕ) ಕರ್ಬ್ ತೂಕ (ಖಾಲಿ ಗಾಡಿ ತೂಕ) ಕಳೀರಿ, ಉಳಿದಿದ್ದು ಈ ಲೆಕ್ಕಕ್ಕಿಂತ ಕಮ್ಮಿ ಇದ್ರೆ ಆ ಗಾಡಿ ನಿಮ್ಮ ಕೆಲ್ಸಕ್ಕೆ ಅಲ್ಲ, ಸೇಲ್ಸ್‌ನವ್ರು ಏನೇ ಹೇಳ್ಲಿ. ಬಾಲ್ ಮೇಲೆ ಭಾರ ಜಾಸ್ತಿ ಆದ್ರೆ ಹಿಂಭಾಗ ಕುಸ್ದು ಮುಂಭಾಗ ಎದ್ದು ಸ್ಟೀರಿಂಗ್ ಹಗುರ ಆಗತ್ತೆ, ಹೆಡ್‌ಲೈಟ್ ಎದುರಿನವ್ರ ಕಣ್ಣಿಗೆ ಹೊಡ್ಯತ್ತೆ. ಕಮ್ಮಿ ಆದ್ರೆ ಇನ್ನೂ ಅಪಾಯ, 80ರ ಸ್ಪೀಡಲ್ಲಿ ಟ್ರೈಲರ್ ಎಡಕ್ಕೂ ಬಲಕ್ಕೂ ಓಲಾಡೋಕೆ ಶುರು ಮಾಡತ್ತೆ. ಅಂಥ ಟೈಮಲ್ಲಿ ಪಿಕಪ್ ಬ್ರೇಕ್ ಜೋರಾಗಿ ಒತ್ಬೇಡಿ, ಸ್ಟೀರಿಂಗ್ ನೇರ ಹಿಡ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ ಅಷ್ಟೇ. ಲೋಡ್ ಮಾಡುವಾಗಲೇ 60% ಭಾರ ಟ್ರೈಲರ್ ಆಕ್ಸಲ್‌ಗಿಂತ ಮುಂದೆ ಇರೋ ಹಾಗೆ ನೋಡ್ಕೊಳ್ಳಿ.

ಟೊಯೋಟಾ ಹೈಲಕ್ಸು, ಇಸುಜು ಡಿ-ಮ್ಯಾಕ್ಸು 3,500 ಕೆಜಿ ಎಳೀತವೆ ಅಂತ ವಿಡಿಯೋಗಳಲ್ಲಿ ಕೇಳಿರ್ತೀರ. ಅದು ಹೊರದೇಶದ ಲೆಕ್ಕ, ಅದೂ ಟ್ರೈಲರ್‌ಗೆ ಸ್ವಂತ ಬ್ರೇಕ್ ಇದ್ರೆ ಮಾತ್ರ, ಬ್ರೇಕ್ ಇಲ್ದಿದ್ರೆ ಅಲ್ಲೂ 750 ಕೆಜಿನೇ. ನಮ್ಮಲ್ಲಿ ವೆಲ್ಡಿಂಗ್ ಶಾಪಲ್ಲಿ ಮಾಡ್ಸೋ ಎಷ್ಟೋ ಟ್ರೈಲರ್‌ಗೆ ಬ್ರೇಕೇ ಇರಲ್ಲ! ಎಳ್ಯೋದು ದೊಡ್ಡ ವಿಷ್ಯ ಅಲ್ಲ ಸ್ವಾಮಿ, ಶಿರಾಡಿ ಘಾಟ್ ಇಳ್ಯುವಾಗ ಹಿಂದಿನಿಂದ ಒಂದೂವರೆ ಟನ್ ತಳ್ತಾ ಇದ್ರೆ ನಿಲ್ಸೋದು ದೊಡ್ಡ ವಿಷ್ಯ. ಅದಕ್ಕೇ 750 ಕೆಜಿ ದಾಟಿದ್ರೆ ಟ್ರೈಲರ್‌ಗೆ ಬ್ರೇಕ್ ಹಾಕ್ಸಿ, ಇಳಿಜಾರು ಶುರುವಾಗೋ ಮುಂಚೆನೇ ಲೋ ಗೇರ್‌ಗೆ ಬನ್ನಿ, ನಮ್ಮ ದೇಶದ ಮಾಡೆಲ್‌ಗೆ ಎಷ್ಟು ಅಂತ ಓನರ್ಸ್ ಮ್ಯಾನ್ಯುಯಲ್‌ನಲ್ಲೇ ನೋಡಿ.

ಗಾಡಿಗಳ ವಿಷ್ಯಕ್ಕೆ ಬಂದ್ರೆ ನಮ್ಮಲ್ಲಿ ಆಯ್ಕೆನೇ ಕಮ್ಮಿ. ಡಿ-ಮ್ಯಾಕ್ಸ್‌ನ ವಿ-ಕ್ರಾಸ್ ಮಾಡೆಲ್ 1.9 ಲೀಟರ್ ಇಂಜಿನ್, ಪವರ್ 163 ಪಿಎಸ್, ಟಾರ್ಕ್ (ಎಳ್ಯೋ ಬಲ) 360 ಎನ್ಎಂ. ಹೈಲಕ್ಸ್ 2.8 ಲೀಟರ್, 204 ಪಿಎಸ್, ಆಟೋಮ್ಯಾಟಿಕ್‌ನಲ್ಲಿ 500 ಎನ್ಎಂ, ಮ್ಯಾನ್ಯುಯಲ್‌ನಲ್ಲಿ 420. ಭಾರ ಎಳ್ಕೊಂಡು ಘಾಟ್ ಹತ್ತೋರಿಗೆ ನಾನು ಹೈಲಕ್ಸ್ ಆಟೋಮ್ಯಾಟಿಕ್ ಅಂತೀನಿ, ವರ್ಷದಲ್ಲಿ ಅಪರೂಪಕ್ಕೆ ಹಗುರ ಟ್ರೈಲರ್ ಅನ್ನೋರಿಗೆ ವಿ-ಕ್ರಾಸ್ ಸಾಕು, ಉಳಿದ ದುಡ್ಡಲ್ಲಿ ಒಳ್ಳೆ ಟ್ರೈಲರ್ ಮಾಡ್ಸಿ. ಬೊಲೆರೊ ಕ್ಯಾಂಪರ್ ಥರದ್ದು ಗಟ್ಟಿ ಗಾಡಿ, ಆದ್ರೆ ಅದು ಗೂಡ್ಸ್ ಲೆಕ್ಕದಲ್ಲಿ ಬರತ್ತೆ, ಊರೊಳಗೆ ಪೀಕ್ ಅವರ್ ನಿರ್ಬಂಧಗಳ ತಲೆನೋವು. ಇಪ್ಪತ್ತು ಲಕ್ಷ ದಾಟಿದ ಗಾಡಿಗೆ ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ 18%, ಮೇಲೆ ಸೆಸ್ಸು, ಎಕ್ಸ್‌ಶೋರೂಮ್ ಬೆಲೆ ನೋಡಿ ಬಜೆಟ್ ಹಾಕ್ಬೇಡಿ.

ದಿನದ ಓಡಾಟಕ್ಕೆ ಟೇಪ್ ತಗೊಂಡು ನಿಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗ್ ಅಳೀರಿ. ಸಾಮಾನ್ಯವಾಗಿ 5 ಮೀಟರ್ ಉದ್ದ, ಈ ಗಾಡಿಗಳು ಸುಮಾರು 5.3 ಮೀಟರ್, ಮೂತಿನೋ ಬಾಲನೋ ಹೊರಗೆ ಇಣುಕತ್ತೆ, ಹಿಚ್ ಹಾಕ್ಸಿದ್ಮೇಲೆ ಇನ್ನೂ ಸ್ವಲ್ಪ, ಪಕ್ಕದ ಮನೆಯವ್ರ ಜೊತೆ ದಿನಾ ಮಾತುಕತೆ ಬೇಡ ಅಂದ್ರೆ ಮೊದ್ಲೇ ನೋಡ್ಕೊಳ್ಳಿ. ಮಲ್ಲೇಶ್ವರದ ಕ್ರಾಸ್‌ಗಳಲ್ಲಿ ಯೂಟರ್ನ್ ಒಂದೇ ಸಲಕ್ಕೆ ಆಗಲ್ಲ. ಖಾಲಿ ಇದ್ದಾಗ ಹಿಂದಿನ ಲೀಫ್ ಸ್ಪ್ರಿಂಗ್ ಗುಂಡಿಲಿ ಎತ್ತಿ ಹಾಕತ್ತೆ, ಟೆಸ್ಟ್ ಡ್ರೈವಲ್ಲಿ ಅಪ್ಪ ಅಮ್ಮನ್ನ ಹಿಂದಿನ ಸೀಟಲ್ಲಿ ಕೂರ್ಸಿ, ನಿಮ್ಮ ಏರಿಯಾ ಹಂಪ್‌ಗಳ ಮೇಲೇ ಓಡ್ಸಿ ನೋಡಿ.

ಜಯನಗರದಿಂದ ಬಿಟಿಎಂಗೆ ದಿನಾ ಐದು ಕಿಲೋಮೀಟರ್ ತೆವಳೋದೇ ನಿಮ್ಮ ಓಡಾಟ ಆದ್ರೆ ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್ ತಗೋಬೇಡಿ ಅಂತ ಖಂಡಿತ ಹೇಳ್ತೀನಿ. ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡ್ಯೋ ಫಿಲ್ಟರ್) ಮಸಿ ಕಟ್ಕೊಳ್ಳತ್ತೆ, ಅದು ಸುಟ್ಟು ಹೋಗೋಕೆ ಸೈಲೆನ್ಸರ್ ಸಾಲು ಚೆನ್ನಾಗಿ ಬಿಸಿ ಆಗ್ಬೇಕು, ಸಿಗ್ನಲ್ ಟು ಸಿಗ್ನಲ್ ಓಡಿದ್ರೆ ಆಗಲ್ಲ. ವಾರಕ್ಕೊಂದ್ಸಲ ಬೆಳಿಗ್ಗೆ ನೈಸ್ ರೋಡಲ್ಲೋ ಏರ್‌ಪೋರ್ಟ್ ರೋಡಲ್ಲೋ ಇಪ್ಪತ್ತು ನಿಮಿಷ ಒಂದೇ ಸ್ಪೀಡಲ್ಲಿ ಓಡ್ಸೋ ಅವಕಾಶ ಇದ್ರೆ ಸರಿ. ಮಸಿ ಸುಡೋ ಮಧ್ಯದಲ್ಲಿ ಪದೇ ಪದೇ ಗಾಡಿ ಆಫ್ ಮಾಡಿದ್ರೆ ಡೀಸೆಲ್ ಹೋಗಿ ಇಂಜಿನ್ ಆಯಿಲ್‌ಗೆ ಸೇರ್ಕೊಳ್ಳತ್ತೆ.

ಸೆಕೆಂಡ್ ಹ್ಯಾಂಡ್ ನೋಡೋರು ಕೆಳಗೆ ಮಲಗಿ ಚಾಸಿ ನೋಡಿ, ಮಂಗಳೂರು ಉಡುಪಿ ಕಡೆ ಓಡಿದ ಗಾಡಿ ಆದ್ರೆ ತುಕ್ಕು ಇನ್ನೂ ಹುಷಾರಾಗಿ. ಹಿಚ್ ಚಾಸಿಗೆ ಬೋಲ್ಟ್ ಆಗಿರ್ಬೇಕು, ಬಂಪರ್‌ಗೆ ಅಂಟ್ಸಿರೋದು ಕೆಲ್ಸಕ್ಕೆ ಬರಲ್ಲ. ಟ್ರೈಲರ್ ಕೂಡ ಕಾನೂನಿನ ಪ್ರಕಾರ ಮೋಟಾರು ವಾಹನವೇ, ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಮಾತಾಡ್ಕೊಂಡೇ ಮಾಡ್ಸಿ. ಸೇಫ್ಟಿ ಚೈನ್ ಎರಡೂ ಕ್ರಾಸ್ ಮಾಡಿ ಕಟ್ಟಿ, ಬ್ರೇಕ್ ಲೈಟು ಇಂಡಿಕೇಟರು ಒಬ್ರನ್ನ ಹಿಂದೆ ನಿಲ್ಸಿ ಚೆಕ್ ಮಾಡಿ. ಮೊದಲ ಸಲ ಹೊರಟಾಗ ನೆಲಮಂಗಲ ದಾಟಿ ಎಲ್ಲಾದ್ರೂ ಬದಿಗೆ ನಿಲ್ಸಿ, ಟ್ರೈಲರ್ ಚಕ್ರದ ಹಬ್ ಹತ್ರ ಹುಷಾರಾಗಿ ಕೈ ತಂದು ನೋಡಿ. ಬೆಚ್ಚಗಿದ್ರೆ ಪರ್ವಾಗಿಲ್ಲ, ಹತ್ರ ತಂದ್ರೇನೇ ಸುಡ್ತಿದ್ರೆ ಬೇರಿಂಗ್ ಟೈಟ್ ಆಗಿರತ್ತೆ ಇಲ್ಲಾ ಬ್ರೇಕ್ ಹಿಡ್ಕೊಂಡಿರತ್ತೆ, ಅಲ್ಲಿಂದ ಮುಂದೆ ಹೋಗ್ಬೇಡಿ, ಮೆಕ್ಯಾನಿಕ್‌ನ ಅಲ್ಲಿಗೇ ಕರ್ಸಿ.