ಫಾರ್ಮ್ಯಾಟ್ ಹೊಡೆಯುವ ಮೊದಲು ಡಿಸ್ಕಿನ ಕೆಲಸ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತಲ್ಲ, ಅಲ್ಲಿಂದ ಕಾಸರಗೋಡಿನ ಬದಿಯಡ್ಕದ ನನ್ನ ಅಂಗಡಿಗೆ ಬರುವವರದ್ದು ಒಂದೇ ಮಾತು: "ಅಣ್ಣ, ಒಮ್ಮೆ ಫಾರ್ಮ್ಯಾಟ್ ಹೊಡೆದು ಹೊಸತು ಹಾಕಿ ಕೊಡಿ." ಹಾಕುವುದಕ್ಕೆ ಹೆಚ್ಚು ಹೊತ್ತು ಬೇಡ. ಡಿಸ್ಕನ್ನು ಅದಕ್ಕೆ ತಯಾರು ಮಾಡುವುದರಲ್ಲೇ ಹೊತ್ತು ಹೋಗುವುದು. ಆ ಭಾಗವನ್ನು ನೀವು ಮನೆಯಲ್ಲೇ ಮಾಡಿಕೊಳ್ಳಬಹುದು.

ಮೊದಲು ಬ್ಯಾಕಪ್. "ಸಿ ಡ್ರೈವಿನಲ್ಲಿ ಏನೂ ಇಲ್ಲ, ಎಲ್ಲ ಡೆಸ್ಕ್‌ಟಾಪಿನಲ್ಲಿದೆ" ಎನ್ನುವವರು ತುಂಬ ಜನ. ಡೆಸ್ಕ್‌ಟಾಪ್ ಇರುವುದೇ ಸಿಯಲ್ಲಿ! ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಕೂಡ ಸಾಮಾನ್ಯವಾಗಿ ಅಲ್ಲೇ. ಸಿಯೊಳಗಿನ ಯೂಸರ್ಸ್ ಫೋಲ್ಡರ್ ತೆರೆದು ನಿಮ್ಮ ಹೆಸರಿನ ಫೋಲ್ಡರನ್ನು ಇಡಿಯಾಗಿ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಅಡಿಕೆ ವ್ಯಾಪಾರದವರು ಟ್ಯಾಲಿಯ ಡೇಟಾ ಎಲ್ಲಿದೆ ಎಂದು ಟ್ಯಾಲಿಯಲ್ಲೇ ನೋಡಿಕೊಳ್ಳಿ. ಕಾಪಿ ಆದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ನಾಲ್ಕು ಫೈಲು ತೆರೆದು ನೋಡಿ. ತೆರೆಯದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎನ್ನುವುದಿಲ್ಲ.

ನಮ್ಮ ಕಡೆಯವರು ಮರೆಯುವುದು ಫಾಂಟ್. ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣವೋ ಶಾಲೆಯ ಪ್ರಶ್ನೆಪತ್ರಿಕೆಯೋ, ಕನ್ನಡ 'ನುಡಿ' ಫಾಂಟಿನಲ್ಲಿ ಇರುತ್ತದೆ, ಪಕ್ಕದಲ್ಲೇ ಮಲಯಾಳಂ, ಟೈಪಿಂಗ್ ಸಾಫ್ಟ್‌ವೇರ್ ಐಎಸ್‌ಎಂನ 'ಕಾರ್ತಿಕ' ಫಾಂಟಿನಲ್ಲಿ. ಇವು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಗೊತ್ತಿರುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟುಗಳು. ಫೈಲು ಉಳಿದು ಫಾಂಟು ಹೋದರೆ ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ನಿವೃತ್ತ ಮಾಷ್ಟ್ರೊಬ್ಬರು ವರ್ಷಗಟ್ಟಲೆ ಟೈಪ್ ಮಾಡಿದ ಯಕ್ಷಗಾನ ಪ್ರಸಂಗಗಳನ್ನು ಹೀಗೆ ನೋಡಿ ಎಲ್ಲ ಹಾಳಾಯಿತು ಎಂದು ಗಾಬರಿಯಲ್ಲಿ ಬಂದಿದ್ದರು. ಫಾಂಟ್ ಹಾಕಿದ ಕೂಡಲೇ ಪದ್ಯಗಳು ಸರಿಯಾಗಿ ಬಂದವು. ಆದ್ದರಿಂದ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿ ಇಡಿ.

ಇನ್ನೊಂದು ನಮ್ಮದೇ ಫಜೀತಿ. ಕೇರಳದ ಶಾಲೆಗಳಲ್ಲಿ ಶಾಲಾ ಐಟಿಯ ಸರ್ಕಾರಿ ಸಂಸ್ಥೆ ಕೈಟ್‌ನವರ ಉಬುಂಟು ಆಧಾರಿತ ಲಿನಕ್ಸ್ ನಡೆಯುತ್ತದೆ. ಹಾಗಾಗಿ ಎಷ್ಟೋ ಟೀಚರ್‌ಗಳ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಜೊತೆ ಅದೂ ಇರುತ್ತದೆ. ಲಿನಕ್ಸ್ ಇರುವ ಪಾರ್ಟಿಷನ್, ಅಂದರೆ ಡಿಸ್ಕಿನ ಆ ಭಾಗ, ವಿಂಡೋಸಿಗೆ ಓದಲು ಬರುವುದಿಲ್ಲ. ವಿಂಡೋಸ್ ಹಾಕುವಾಗ ಬರುವ ಪಟ್ಟಿಯಲ್ಲಿ ಅದಕ್ಕೆ ಹೆಸರೂ ಇಲ್ಲ, ಸಿ, ಡಿ ಎಂಬಂಥ ಅಕ್ಷರವೂ ಇಲ್ಲ, ಬರೀ ಗಾತ್ರ ಮಾತ್ರ. "ಇದು ಖಾಲಿ" ಎಂದುಕೊಂಡು ಡಿಲೀಟ್ ಒತ್ತಿದರೆ ಮಕ್ಕಳ ಅಂಕಪಟ್ಟಿ, ಪಾಠದ ವಿಡಿಯೋ ಎಲ್ಲ ಹೋಯಿತು. ಲಿನಕ್ಸಿಗೆ ಬೂಟ್ ಮಾಡಿ, ಅಂದರೆ ಕಂಪ್ಯೂಟರನ್ನು ಅದರಲ್ಲೇ ಎಬ್ಬಿಸಿ, ಹೋಮ್ ಫೋಲ್ಡರ್ ಕಾಪಿ ಮಾಡಿಕೊಳ್ಳಿ. ಲಿನಕ್ಸ್ ಉಳಿಯಬೇಕು ಎಂದಾದರೆ ಇಡೀ ಡಿಸ್ಕನ್ನು ಅಳಿಸುವ ಮುಂದಿನ ವಿಧಾನ ನಿಮಗಲ್ಲ. ಹಳೆಯ ವಿಂಡೋಸಿನ ಪಾರ್ಟಿಷನ್ ಮಾತ್ರ ಡಿಲೀಟ್ ಮಾಡಿ, ಆ ಜಾಗಕ್ಕೇ ಹೊಸತು ಹಾಕಿ. ಆಮೇಲೆ ನೇರ ವಿಂಡೋಸೇ ತೆರೆದರೆ ಹೆದರಬೇಡಿ, ಬಯೋಸಿನಲ್ಲಿ (ಕಂಪ್ಯೂಟರ್ ಏಳುವಾಗಿನ ಸೆಟ್ಟಿಂಗಿನಲ್ಲಿ) ಬೂಟ್ ಕ್ರಮ ಬದಲಿಸಿದರೆ ಸಾಮಾನ್ಯವಾಗಿ ಲಿನಕ್ಸ್ ಸಿಗುತ್ತದೆ.

ಬಿಟ್‌ಲಾಕರ್ ನೋಡಿದಿರಾ? ಡಿಸ್ಕಿನಲ್ಲಿ ಇರುವುದಕ್ಕೆಲ್ಲ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ ಅದು. ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ನಿಮ್ಮನ್ನು ಕೇಳದೆಯೇ ಆನ್ ಆಗಿರಬಹುದು. ಡಿ ಡ್ರೈವ್ ಉಳಿಸಿಕೊಂಡು ಸಿ ಅಳಿಸಿದರೆ, ಹೊಸ ವಿಂಡೋಸಿನಲ್ಲಿ ಡಿ ಬೀಗ ಹಾಕಿಕೊಂಡು 48 ಅಂಕಿಯ ಕೀ ಕೇಳುತ್ತದೆ. ಸೆಟ್ಟಿಂಗ್ಸಿನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಬಿಚ್ಚುವ ತನಕ ಕಾಯಿರಿ.

ಡಿಸ್ಕಿನ ಆರೋಗ್ಯವನ್ನೂ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಮ್ ಸಾಕು. ನೀಲಿ ಬಣ್ಣದಲ್ಲಿ 'ಗುಡ್' ಎಂದರೆ ಮುಂದುವರಿಯಿರಿ. ಹಳದಿ ಬಂದರೆ ಆ ಡಿಸ್ಕಿಗೆ ಹೊಸ ವಿಂಡೋಸ್ ಹಾಕುವುದು ಸುಮ್ನೆ ದಂಡ, ಒಂದು ಎಸ್‌ಎಸ್‌ಡಿ ತೆಗೆದುಕೊಳ್ಳಿ.

8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲಿನಿಂದ ಇನ್‌ಸ್ಟಾಲರ್ ಮಾಡಿಕೊಳ್ಳಿ. ಪೆನ್‌ಡ್ರೈವಿನಲ್ಲಿ ಮೊದಲೇ ಇದ್ದದ್ದು ಹೋಗುತ್ತದೆ.

ಈಗ ಅಳಿಸುವ ಹೊತ್ತು. ಡೆಸ್ಕ್‌ಟಾಪ್ ಕಂಪ್ಯೂಟರ್ ಆದರೆ ಸ್ವಿಚ್ ಆಫ್ ಮಾಡಿ, ವಿಂಡೋಸ್ ಹಾಕಬೇಕಾದ ಡಿಸ್ಕನ್ನು ಬಿಟ್ಟು ಉಳಿದವುಗಳ ಕೇಬಲ್ ಕಿತ್ತಿಡಿ. ಬ್ಯಾಕಪ್ ಡಿಸ್ಕಂತೂ ಕಪಾಟಿನಲ್ಲೇ ಇರಲಿ. ತಪ್ಪು ಡಿಸ್ಕ್ ಅಳಿಸುವ ಭಯ ಇಲ್ಲ ಎನ್ನುವುದು ಒಂದು. ಇನ್ನೊಂದು, ಎರಡು ಡಿಸ್ಕ್ ಇದ್ದಾಗ ವಿಂಡೋಸ್ ಒಂದರಲ್ಲಿ, ಅದರ ಬೂಟ್ ಫೈಲು ಇನ್ನೊಂದರಲ್ಲಿ ಕೂರುವುದುಂಟು. ಮುಂದೆ ಆ ಎರಡನೆಯದನ್ನು ತೆಗೆದ ದಿನ ಕಂಪ್ಯೂಟರ್ ಏಳುವುದೇ ಇಲ್ಲ. ಆಟಿಯ ಮಳೆಯಲ್ಲಿ ಈ ಕೆಲಸ ಹಿಡಿದರೆ ಯುಪಿಎಸ್ ಇರಲಿ, ನಮ್ಮಲ್ಲಿ ಕರೆಂಟಿನ ಕಥೆ ಗೊತ್ತಲ್ವಾ.

ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಮೊದಲ ಪರದೆ ಬಂದಾಗ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ. ಕಪ್ಪು ಕಿಟಕಿ ಬರುತ್ತದೆ. 'ಡಿಸ್ಕ್‌ಪಾರ್ಟ್' ಎಂದು ಕೊಟ್ಟು, ಆಮೇಲೆ 'ಲಿಸ್ಟ್ ಡಿಸ್ಕ್'. ಎಲ್ಲವನ್ನೂ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು. ಇಲ್ಲಿ ಡಿಸ್ಕಿಗೆ ಹೆಸರಿಲ್ಲ, ನಂಬರ್ ಮಾತ್ರ. ಗಾತ್ರ ನೋಡಿಯೇ ಗುರುತಿಸಬೇಕು, ಅದೂ ಪೆಟ್ಟಿಗೆ ಮೇಲಿನ ಗಾತ್ರ ಅಲ್ಲ. 256 ಜಿಬಿಯದ್ದು 238 ಎಂದೂ, 500ರದ್ದು 465 ಎಂದೂ, 1 ಟಿಬಿಯದ್ದು 931 ಎಂದೂ ಕಾಣುತ್ತದೆ. ಪೆನ್‌ಡ್ರೈವ್ ಕೂಡ ಇದೇ ಪಟ್ಟಿಯಲ್ಲಿರುತ್ತದೆ.

'ಸೆಲೆಕ್ಟ್ ಡಿಸ್ಕ್' ಎಂದು ಬರೆದು ನಂಬರ್ ಕೊಡಿ. ಮತ್ತೊಮ್ಮೆ 'ಲಿಸ್ಟ್ ಡಿಸ್ಕ್' ಕೊಟ್ಟು ನಕ್ಷತ್ರದ ಗುರುತು ಸರಿಯಾದ ಸಾಲಿನ ಮುಂದೆ ಇದೆಯೇ ನೋಡಿ. ಆಮೇಲಷ್ಟೇ 'ಕ್ಲೀನ್'. ಅದು "ಖಂಡಿತವಾ?" ಎಂದು ಕೇಳುವುದಿಲ್ಲ. ಎಂಟರ್ ಒತ್ತಿದ ಕೂಡಲೇ ಆ ಡಿಸ್ಕಿನ ಎಲ್ಲ ಪಾರ್ಟಿಷನ್ ಹೋಗುತ್ತದೆ, ಸಿ ಮಾತ್ರ ಅಲ್ಲ. ಕೊನೆಗೆ 'ಕನ್ವರ್ಟ್ ಜಿಪಿಟಿ'. ಡಿಸ್ಕಿನಲ್ಲಿ ಪಾರ್ಟಿಷನ್ ಲೆಕ್ಕ ಬರೆದಿಡುವ ಹೊಸ ಕ್ರಮ ಜಿಪಿಟಿ, ಹಳೆಯದು ಎಂಬಿಆರ್. ಹಳೆಯ ಎಂಬಿಆರ್ ಡಿಸ್ಕ್ ಹಾಗೆಯೇ ಇದ್ದರೆ ಯುಇಎಫ್‌ಐ (ಬಯೋಸಿನ ಹೊಸ ರೂಪ) ಇರುವ ಕಂಪ್ಯೂಟರಿನಲ್ಲಿ ಇನ್‌ಸ್ಟಾಲರ್ ಮುಂದೆ ಹೋಗುವುದೇ ಇಲ್ಲ. 'ಕ್ಲೀನ್ ಆಲ್' ಎಂದು ಕೊಡಬೇಡಿ. ಅದು ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಯುತ್ತಾ ಗಂಟೆಗಟ್ಟಲೆ ಕೂರುತ್ತದೆ. ಹಾರ್ಡ್‌ಡಿಸ್ಕನ್ನು ಮಾರುವವರಿಗೆ ಅದು ಬೇಕು.

ಕಿಟಕಿ ಮುಚ್ಚಿ ಮುಂದುವರಿಯಿರಿ. ಡಿಸ್ಕಿನ ಪಟ್ಟಿ ಬಂದಾಗ ನೀವು ಅಳಿಸಿದ ಡಿಸ್ಕಿಗೆ 'ಅನ್‌ಅಲೊಕೇಟೆಡ್' ಎಂಬ ಒಂದೇ ಸಾಲು ಇರಬೇಕು. ಅದನ್ನು ಆರಿಸಿ ನೆಕ್ಸ್ಟ್ ಒತ್ತಿ. ಪಾರ್ಟಿಷನ್‌ಗಳನ್ನು ವಿಂಡೋಸೇ ಮಾಡಿಕೊಳ್ಳುತ್ತದೆ. ಇಂಟೆಲ್ 11ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಲ್ಯಾಪ್‌ಟಾಪಿನಲ್ಲಿ ಈ ಪಟ್ಟಿಯಲ್ಲಾಗಲಿ ಮೊದಲಿನ 'ಲಿಸ್ಟ್ ಡಿಸ್ಕ್'ನಲ್ಲಾಗಲಿ ಡಿಸ್ಕೇ ಕಾಣದಿದ್ದರೆ ಎಸ್‌ಎಸ್‌ಡಿ ಕೆಟ್ಟಿತು ಎಂದು ಓಡಬೇಡಿ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ, ಪೆನ್‌ಡ್ರೈವಿಗೆ ಹಾಕಿ 'ಲೋಡ್ ಡ್ರೈವರ್' ಕೊಡಿ. ಕಿತ್ತಿಟ್ಟ ಡಿಸ್ಕುಗಳ ಕೇಬಲನ್ನು ಹೊಸ ವಿಂಡೋಸ್ ಪೂರ್ತಿ ಎದ್ದ ಮೇಲೆ, ಮತ್ತೆ ಸ್ವಿಚ್ ಆಫ್ ಮಾಡಿಯೇ ಚುಚ್ಚಿ.