ಹೊಸ ಕುಲಪತಿ ಧನ್ಯವಾದ ಹೇಳುವ ಬಗೆ: ಹಾಸನದ ಕುಲಪತಿ ಕಚೇರಿಗೊಂದು ಕೈಪಿಡಿ

ಹೊಸ ಕುಲಪತಿ ಅಧಿಕಾರ ವಹಿಸಿಕೊಂಡ ಮೊದಲ ವಾರ ಕಚೇರಿಯ ಮುಂದೆ ಅಭಿನಂದಿಸಲು ಬಂದವರ ಸಾಲು ಇರುತ್ತದೆ. ಅವರಿಗೆ ಅಲ್ಲೇ ಕೈಮುಗಿದು ನಾಲ್ಕು ಮಾತಾಡಿ ಕಳಿಸಬಹುದು. ಹುಡುಕಿಕೊಂಡು ಹೋಗಿ ಹೇಳಬೇಕಾದದ್ದು ಆ ಸಾಲಿನಲ್ಲಿ ಕಾಣದವರಿಗೆ: ರಾತ್ರಿ ಪಾಳಿಯ ಕಾವಲುಗಾರ, ಹಾಸ್ಟೆಲ್ ಅಡುಗೆಯವರು, ಅತಿಥಿ ಉಪನ್ಯಾಸಕರು, ತಾಲ್ಲೂಕಿನ ಕಾಲೇಜಿನಲ್ಲಿ ಅಂಕಪಟ್ಟಿಯ ತಿದ್ದುಪಡಿಗೆ ಓಡಾಡುವ ಗುಮಾಸ್ತರು, ಪದಕಕ್ಕೆ ದತ್ತಿ ಇಟ್ಟ ನಿವೃತ್ತ ಮೇಷ್ಟ್ರು.

ಹಾಸನದಲ್ಲಿ ಈ ಕೆಲಸಕ್ಕೆ ಇನ್ನೊಂದು ತೂಕವಿದೆ. ರಾಜ್ಯದ ಹೊಸ ವಿಶ್ವವಿದ್ಯಾಲಯಗಳಲ್ಲಿ 9ನ್ನು ಮುಚ್ಚಬಹುದೆಂದು 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಶಿಫಾರಸು ಮಾಡಿತು. ಆ ಪಟ್ಟಿಯಲ್ಲಿ ಹಾಸನವೂ ಇತ್ತು. ಅಂಥ ಮಾತು ಕಿವಿಗೆ ಬಿದ್ದ ಮೇಲೂ ಮಗಳನ್ನು ಇಲ್ಲಿಗೇ ಸೇರಿಸಿದ ಅಪ್ಪ ಅಮ್ಮ ಸುಮ್ಮನೆ ಸೇರಿಸಿದವರಲ್ಲ. ಅವರ ನಂಬಿಕೆಗೆ ಕುಲಪತಿ ಬಾಯಿಬಿಟ್ಟು ಋಣ ಹೇಳಬೇಕು.

ಮೊದಲು ಪಟ್ಟಿ

ಅಧಿಕಾರ ವಹಿಸಿಕೊಂಡ ಮೂರನೇ ದಿನವೇ ಪಟ್ಟಿ ಶುರುವಾಗಲಿ. ಎರಡು ವಾರದೊಳಗೆ 120ರಿಂದ 150 ಹೆಸರು ಸಾಕು. ಪಟ್ಟಿಗೆ ಐದು ಕಲಂ: ಹೆಸರು ಮತ್ತು ವಿಳಾಸ, ಮಾಡಿದ ಕೆಲಸ, ಯಾವಾಗ, ನಮಗೆ ತಿಳಿಸಿದವರು ಯಾರು, ನಾವು ಅವರಿಗೆ ಕೊಡಬೇಕಾದ ಬಾಕಿ ಏನು.

ಕೊನೆಯ ಕಲಂ ಬಹಳ ಜನ ಬಿಡುತ್ತಾರೆ, ಎಡವಟ್ಟಾಗುವುದೂ ಅಲ್ಲೇ. ಅತಿಥಿ ಉಪನ್ಯಾಸಕರ ಗೌರವಧನ ಮೂರು ತಿಂಗಳಿಂದ ಬಂದಿಲ್ಲವೆಂದಿಟ್ಟುಕೊಳ್ಳಿ. 'ನಿಮ್ಮ ಸೇವೆ ಅಮೂಲ್ಯ' ಎಂಬ ಪತ್ರ ಅವರ ಕೈ ಸೇರಿದರೆ ಅದು ಗಾಯದ ಮೇಲೆ ಬರೆ ಎಳೆದ ಹಾಗೆ. ಆದ್ದರಿಂದ ಪಟ್ಟಿಯನ್ನು ಮೊದಲು ಹಣಕಾಸು ಅಧಿಕಾರಿಗೆ, ಆಮೇಲೆ ಕುಲಸಚಿವರಿಗೂ ಮೌಲ್ಯಮಾಪನ ಕುಲಸಚಿವರಿಗೂ ತೋರಿಸಿ. ಮೌಲ್ಯಮಾಪನದ ಸಂಭಾವನೆ, ಪ್ರಯಾಣ ಭತ್ಯೆ, ಗುತ್ತಿಗೆಯವರ ಬಿಲ್ಲು, ಏನೇ ಬಾಕಿಯಿರಲಿ, ಕಡತ ಯಾವ ಮೇಜಿನ ಮೇಲಿದೆ ಎಂದು ಪತ್ತೆ ಮಾಡಿ. ತೀರಿಸಲು ಆದರೆ ತೀರಿಸಿಯೇ ಪತ್ರ ಕಳಿಸಿ. ಆಗದಿದ್ದರೆ ಕಡತ ಎಲ್ಲಿದೆ ಎಂಬುದನ್ನು ಪತ್ರದಲ್ಲೇ ಒಂದು ಸಾಲಿನಲ್ಲಿ ತಿಳಿಸಿ. ಹಣ ಬರುವ ತಾರೀಖು ಮಾತ್ರ ಬರೆಯಬೇಡಿ.

ಹೆಸರು ಸಂಗ್ರಹಿಸಲು ವಿಭಾಗದ ಮುಖ್ಯಸ್ಥರನ್ನಷ್ಟೇ ಕೇಳಿದರೆ ಪ್ರಾಧ್ಯಾಪಕರ ಹೆಸರೇ ಬರುತ್ತವೆ. ಗ್ರಂಥಾಲಯದ ಸಹಾಯಕರು, ಹಾಸ್ಟೆಲ್ ವಾರ್ಡನ್, ಪರೀಕ್ಷಾ ವಿಭಾಗದ ಡಿ ಗ್ರೂಪ್ ನೌಕರರು, ಅಂತಿಮ ವರ್ಷದ ವಿದ್ಯಾರ್ಥಿಗಳು, ಇವರನ್ನೂ ಕೇಳಿ. 'ಕಷ್ಟ ಬಂದಾಗ ಯಾರ ಹತ್ತಿರ ಓಡುತ್ತೀರಿ?' ಎಂಬ ಒಂದೇ ಪ್ರಶ್ನೆ ಸಾಕು.

ಹಳೆಯ ವಿದ್ಯಾರ್ಥಿಗಳ ಬಗ್ಗೆ ಒಂದು ಎಚ್ಚರಿಕೆ. ಈಗ ವಿಶ್ವವಿದ್ಯಾಲಯದ ಆವರಣವಾಗಿರುವ ಹೇಮಗಂಗೋತ್ರಿ ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಆಗ ಓದಿದವರ ಪದವಿ ಪತ್ರದಲ್ಲಿ ಇರುವುದು ಮೈಸೂರಿನ ಮುದ್ರೆ. ಅವರಿಗೆ 'ಹಾಸನ ವಿಶ್ವವಿದ್ಯಾಲಯದ ಪದವೀಧರರಾದ ತಮಗೆ' ಎಂದು ಬರೆದರೆ ತಪ್ಪಾಗುತ್ತದೆ, ಮನಸ್ಸಿಗೂ ಹಿತವಾಗುವುದಿಲ್ಲ. 'ಹೇಮಗಂಗೋತ್ರಿಯಲ್ಲಿ ಓದಿದ ತಮಗೆ' ಎನ್ನಿ. ಈ ಆವರಣವನ್ನು ಕಟ್ಟಿಕೊಟ್ಟ ಮೈಸೂರಿಗೂ ಒಂದು ಪತ್ರ ಹೋಗಬೇಕು.

ಪತ್ರ

ಒಂದೇ ಪುಟ, 80ರಿಂದ 100 ಪದ, ಮೂರು ಭಾಗ. ಮೊದಲು ಅವರು ಮಾಡಿದ ಕೆಲಸ, ಆಮೇಲೆ ಅದರಿಂದ ಯಾರಿಗೆ ಏನಾಯಿತು, ಕೊನೆಗೆ ಧನ್ಯವಾದ. ಹೀಗೆ: 'ಕಳೆದ ಪರೀಕ್ಷೆಯ ಹೊತ್ತಿನಲ್ಲಿ ಮಳೆಗೆ ವಿದ್ಯುತ್ ಹೋದಾಗ ನೀವು ಜನರೇಟರ್ ಕೋಣೆಯಲ್ಲೇ ರಾತ್ರಿ ಕಳೆದಿರಿ. ಮಾರನೆಯ ಬೆಳಿಗ್ಗೆ ಪ್ರಶ್ನೆಪತ್ರಿಕೆ ಹೊತ್ತಿಗೆ ಸರಿಯಾಗಿ ಮುದ್ರಣವಾಯಿತು. ಅದಕ್ಕಾಗಿ ನಿಮಗೆ ನಾನು ಋಣಿ.' 'ತಮ್ಮ ಅಮೂಲ್ಯ ಸಹಕಾರಕ್ಕಾಗಿ' ಎಂಬ ಸಾಲು ಯಾರಿಗೆ ಬರೆದರೂ ನಡೆಯುತ್ತದೆ, ಅದಕ್ಕೇ ಯಾರಿಗೂ ತಟ್ಟುವುದಿಲ್ಲ.

ಪತ್ರದಲ್ಲಿ ಯಾವ ಕೋರಿಕೆಯೂ ಬೇಡ. 'ಮುಂದೆಯೂ ಇದೇ ಸಹಕಾರ ನಿರೀಕ್ಷಿಸುತ್ತೇವೆ' ಎಂದು ಸೇರಿಸಿದ ಕೂಡಲೇ ಇಡೀ ಪತ್ರ ಅರ್ಜಿಯಾಗಿಬಿಡುತ್ತದೆ. ದೇಣಿಗೆ ಕೇಳಬೇಕಿದ್ದರೆ ಕನಿಷ್ಠ ಮೂರು ತಿಂಗಳು ಬಿಟ್ಟು ಬೇರೆ ಪತ್ರ ಬರೆಯಿರಿ. ದತ್ತಿ ಕೊಟ್ಟವರಿಗೆ ಧನ್ಯವಾದದ ಪತ್ರವೇ ರಸೀದಿಯಾಗುವುದಿಲ್ಲ; ರಸೀದಿ ಪ್ರತ್ಯೇಕವಾಗಿ ಹೋಗಲಿ. ಅವರ ಹೆಸರಿನ ಪದಕ ಈ ವರ್ಷ ಯಾರಿಗೆ ಬಂತು, ಆ ವಿದ್ಯಾರ್ಥಿಯ ಊರು ಯಾವುದು ಎಂದು ತಿಳಿಸಿದರೆ ಅವರಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಿಲ್ಲ.

ಸಹಿ ಕೈಯಿಂದಲೇ ಆಗಬೇಕು, ಮೊಹರಿನ ಸಹಿ ಬೇಡ. ದಿನಕ್ಕೆ 15 ಪತ್ರವೆಂದರೆ 150 ಪತ್ರಕ್ಕೆ ಹತ್ತು ದಿನ. ಹೆಸರಿನ ಕಾಗುಣಿತವನ್ನು ಅವರ ಮನೆಯವರಿಂದಲೋ ಸಹೋದ್ಯೋಗಿಯಿಂದಲೋ ಖಚಿತಪಡಿಸಿಕೊಳ್ಳಿ. ಅಕ್ಷರ ತಪ್ಪಿದ ಪತ್ರ ಕಳಿಸುವುದಕ್ಕಿಂತ ಎರಡು ದಿನ ತಡವಾದರೂ ಚಿಂತೆಯಿಲ್ಲ. ಹೊರಗುತ್ತಿಗೆ ನೌಕರರ ಪತ್ರದ ಒಂದು ಪ್ರತಿ ಅವರ ಏಜೆನ್ಸಿಗೂ ಹೋಗಲಿ. ಗುತ್ತಿಗೆ ಬದಲಾಗುವಾಗ ಅವರ ಕೈಯಲ್ಲಿ ಹಿಡಿದು ತೋರಿಸಲು ಏನಾದರೂ ಇರುತ್ತದೆ.

ಭೇಟಿ

ಆವರಣದೊಳಗೆ ಯಾರನ್ನೂ ಕುಲಪತಿ ಕೊಠಡಿಗೆ ಕರೆಸಬೇಡಿ. ಕಾವಲುಗಾರರನ್ನು ಪಾಳಿ ಬದಲಾಗುವ ಹೊತ್ತಿಗೆ ಗೇಟಿನಲ್ಲೇ ಕಾಣಿ, ಇಬ್ಬರು ಒಟ್ಟಿಗೆ ಸಿಗುತ್ತಾರೆ. ಅಡುಗೆಯವರನ್ನು ಮಧ್ಯಾಹ್ನದ ಊಟ ಮುಗಿದ ಮೇಲೆ, ಪಾತ್ರೆ ತೊಳೆದು ಕೂತಾಗ. ಛಾಯಾಗ್ರಾಹಕ ಬೇಡ.

ಜಿಲ್ಲೆಗೆ ಎಂಟು ತಾಲ್ಲೂಕು. ಹಾಸನ ಬಿಟ್ಟರೆ ಉಳಿದ ಏಳಕ್ಕೆ ಮೂರು ದಿನ ಸಾಕು: ಒಂದು ದಿನ ಅರಸೀಕೆರೆ, ಚನ್ನರಾಯಪಟ್ಟಣ, ಇನ್ನೊಂದು ದಿನ ಹೊಳೆನರಸೀಪುರ, ಅರಕಲಗೂಡು, ಮತ್ತೊಂದು ದಿನ ಬೇಲೂರಿಗೆ ಹೋಗಿ ಸಕಲೇಶಪುರ, ಆಲೂರಿನ ಮೇಲೆ ವಾಪಸ್. ಕೊನೆಯ ಸುತ್ತನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಲೆನಾಡಿನ ಮಳೆಗೆ ಇಟ್ಟುಕೊಳ್ಳಬೇಡಿ. ಡಿಸೆಂಬರ್, ಜನವರಿಯಲ್ಲಿ ಅದೇ ಕಡೆ ಕಾಫಿ ಕೊಯ್ಲು, ಪೋಷಕರು ಸಿಗುವುದಿಲ್ಲ. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ, ದೀಪಾವಳಿ ಆಸುಪಾಸಿಗೆ. ಆ ದಿನಗಳಲ್ಲಿ ಪಟ್ಟಣದೊಳಗೆ ಯಾವ ಸಭೆಯನ್ನೂ ಇಡಬೇಡಿ. ಸರದಿ ಸಾಲು, ವಾಹನ ದಟ್ಟಣೆಯ ನಡುವೆ ಜನ ಹೊತ್ತಿಗೆ ತಲುಪುವುದಿಲ್ಲ, ಪೊಲೀಸರಿಗೂ ಪುರುಸೊತ್ತಿರುವುದಿಲ್ಲ.

ಪ್ರತಿ ಕಾಲೇಜಿನಲ್ಲಿ 40 ನಿಮಿಷ ಸಾಕು. ಅದರಲ್ಲಿ ಕುಲಪತಿಯ ಮಾತು 5 ನಿಮಿಷ, ಉಳಿದದ್ದು ಕೇಳಿಸಿಕೊಳ್ಳಲು. ಹೇಳಿದ ದೂರನ್ನು ಜೊತೆಗಿದ್ದ ಅಧಿಕಾರಿ ಅಲ್ಲೇ ಬರೆದುಕೊಳ್ಳಬೇಕು. ಹದಿನೈದು ದಿನದೊಳಗೆ ಉತ್ತರ ಹೋಗದಿದ್ದರೆ ಆ ಭೇಟಿ ಮಾಡದಿದ್ದರೇ ಚೆನ್ನಾಗಿತ್ತು.

ಸಭೆ ಮಾಡಲೇಬೇಕಾದರೆ

ಮಾಡದಿದ್ದರೆ ಒಳ್ಳೆಯದು. ವೇದಿಕೆ ಹಾಕಿದ ಕೂಡಲೇ ಶಿಷ್ಟಾಚಾರ ಬರುತ್ತದೆ, ಆಹ್ವಾನ ಪತ್ರಿಕೆಯಲ್ಲಿ ಹೆಸರಿನ ಅನುಕ್ರಮಕ್ಕೆ ತಕರಾರು ಬರುತ್ತದೆ, ವಂದಿಸಬೇಕಾದವರು ಹಿಂದಿನ ಕುರ್ಚಿಗೆ ಹೋಗುತ್ತಾರೆ. ಚುನಾವಣಾ ನೀತಿ ಸಂಹಿತೆ ಇದ್ದರಂತೂ ಮುಂದಕ್ಕೆ ಹಾಕಿ. ಮಾಡುವುದೇ ಆದರೆ ವೇದಿಕೆಯಲ್ಲಿ ಐದೇ ಕುರ್ಚಿ, ಒಟ್ಟು 60 ನಿಮಿಷ. ನಾಡಗೀತೆಗೆ ನಿಗದಿಯಾದ ಅವಧಿ 2 ನಿಮಿಷ 30 ಸೆಕೆಂಡು. ಸ್ವಾಗತ 3 ನಿಮಿಷ, ಕುಲಪತಿ 7 ನಿಮಿಷ. ನಿಧಾನವಾಗಿ ಆಡುವವರಿಗೆ ಅದು ಸುಮಾರು 600 ಪದ. ಉಳಿದ ಹೊತ್ತು ಹೆಸರು ಕರೆದು, ಮಾಡಿದ ಕೆಲಸ ಹೇಳಿ, ಕೈಗೆ ಪುಸ್ತಕ ಕೊಡಲು. ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಬಹುದು ಎಂದು 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರವೇ ಸುತ್ತೋಲೆ ಹೊರಡಿಸಿತ್ತು. ಅದು ಇಲ್ಲಿಗೂ ಹೊಂದುತ್ತದೆ. ಪುಸ್ತಕದ ಮೊದಲ ಪುಟದಲ್ಲಿ ಅವರ ಹೆಸರು ಬರೆದಿಟ್ಟುಕೊಳ್ಳಿ. ವಂದನಾರ್ಪಣೆಯಲ್ಲಿ ಶಾಮಿಯಾನ, ಮೈಕ್, ಊಟದ ವ್ಯವಸ್ಥೆ ಮಾಡಿದವರ ಹೆಸರು ಮೊದಲು ಬರಲಿ. ಕೊನೆಗೆ ಇಟ್ಟರೆ ಅಷ್ಟು ಹೊತ್ತಿಗೆ ಸಭೆ ಎದ್ದಿರುತ್ತದೆ.

ಕೆಲವು ಪತ್ರ ವಿಳಾಸದಾರರಿಲ್ಲದೆ ಅಂಚೆಯಲ್ಲಿ ಹಿಂತಿರುಗುತ್ತವೆ, ಹೆಚ್ಚಾಗಿ ನಿವೃತ್ತರವು. ಅವನ್ನು ಕಡತಕ್ಕೆ ಸೇರಿಸಬೇಡಿ. ಅವರ ಹಳೆಯ ವಿಭಾಗದಲ್ಲಿ ವಿಚಾರಿಸಿ. ತೀರಿಕೊಂಡಿದ್ದರೆ ಪತ್ರವನ್ನು ಮತ್ತೆ ಬರೆದು, ಮಗನಿಗೋ ಮಗಳಿಗೋ ಯಾರಾದರೂ ಮನೆಗೇ ಹೋಗಿ ಕೊಟ್ಟು ಬರಲಿ.