ಅಜ್ಜನ ಕಾಲೇಜು, ಅಜ್ಜನ ಹಾಕಿ: ಕೇಳಿ ಬರೆದಿಡುವುದು ಹೇಗೆ?

ಕೊಡಗಿನ ಎಷ್ಟೋ ಮನೆಗಳ ಗೋಡೆಯಲ್ಲಿ ಕಾಲೇಜು ಹಾಕಿ ತಂಡದ ಒಂದು ಗ್ರೂಪ್ ಫೋಟೋ ಇರುತ್ತದೆ. ಅದರಲ್ಲಿರುವವರು ಯಾರು, ಯಾವ ವರ್ಷದ್ದು ಎಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ. ಅವರಿರುವಾಗಲೇ ಕೇಳಿಕೊಳ್ಳಿ. ಪೊನ್ನಂಪೇಟೆಯ ಸುತ್ತಮುತ್ತ ನಾನು ಮಾಡುತ್ತಿರುವ ಕೆಲಸ ಇದೇ.

ಕಾಫಿ ಕುಯ್ಲಿನ ದಿನಗಳಲ್ಲಿ ಹೋಗಬೇಡಿ, ಯಾರಿಗೂ ಪುರುಸೊತ್ತಿರುವುದಿಲ್ಲ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ ಹಿಡಿದಾಗ ಹೋಗಿ. ಹಿರಿಯರು ಒಲೆ ಬಿಟ್ಟು ಕದಲುವುದಿಲ್ಲ, ಮಾತಿಗೂ ಮನಸ್ಸಿರುತ್ತದೆ. ಕರೆಂಟು ನಂಬುವಂತಿಲ್ಲ, ಫೋನನ್ನು ಮೊದಲೇ ಚಾರ್ಜ್ ಮಾಡಿಟ್ಟುಕೊಳ್ಳಿ. ಮಾಡಿನ ಮೇಲೆ ಬೀಳುವ ಮಳೆ ರೆಕಾರ್ಡಿಂಗಿನಲ್ಲಿ ಮಾತನ್ನೇ ನುಂಗಿಬಿಡುತ್ತದೆ. ಫೋನನ್ನು ಅವರ ಪಕ್ಕದಲ್ಲೇ ಮಡಚಿದ ಟವೆಲಿನ ಮೇಲಿಡಿ.

‘ಕಾಲೇಜು ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’ ಎಂಬಲ್ಲಿಗೆ ಮುಗಿಯಿತು. ಕೈಗೆ ಏನಾದರೂ ಕೊಡಿ: ಹಳೇ ಸ್ಟಿಕ್ಕು, ಹಾಲ್ ಟಿಕೆಟ್, ಟ್ರಂಕು. ಸ್ಟಿಕ್ಕು ಕೈಗೆ ಬಂದ ಕೂಡಲೇ ನಮ್ಮ ದೊಡ್ಡಪ್ಪನ ಬೆರಳು ತಾನಾಗಿ ಹಿಡಿಕೆ ಸುತ್ತಿಕೊಂಡಿತು. ಅಗಸೆ ಎಣ್ಣೆ ಕುಡಿಸಿ ಒಣಗಿಸುತ್ತಿದ್ದುದು, ಸ್ಟಿಕ್ಕು ಮುರಿದರೆ ಮನೆಗೆ ಕಾಗದ ಬರೆಯಲು ಹೆದರುತ್ತಿದ್ದುದು, ಹುಣಸೂರು ದಾರಿಯ ಬಸ್ಸಿನ ಟಾಪಿನಲ್ಲಿ ಟ್ರಂಕು ನೆನೆದು ನೋಟ್ಸೆಲ್ಲ ಹಾಳಾದದ್ದು, ಎಲ್ಲವೂ ಆಮೇಲೆ ಬಂತು.

ಆಟದ ಬಗ್ಗೆ ಕೇಳುವಾಗ ಆಗಿನ ಹಾಕಿ ನಿಮಗೆ ಸ್ವಲ್ಪ ಗೊತ್ತಿರಲಿ. ಮುಂದೆ ಐವರು, ನಡುವೆ ಮೂವರು ಹಾಫ್, ಹಿಂದೆ ಇಬ್ಬರು ಬ್ಯಾಕ್, ಗೋಲಿ. ‘ನೀವು ಲೆಫ್ಟ್ ಇನ್ನಾ, ಲೆಫ್ಟ್ ಔಟಾ?’ ಎಂದು ಕೇಳಿದರೆ ಮುಖ ಅರಳುತ್ತದೆ. ಆಟ ಶುರುವಾಗುತ್ತಿದ್ದದ್ದು ಬುಲ್ಲಿಯಿಂದ, ಅಂದರೆ ಇಬ್ಬರು ಎದುರುಬದುರು ನಿಂತು ಸ್ಟಿಕ್ಕಿಗೆ ಸ್ಟಿಕ್ಕು ತಾಗಿಸಿ ಚೆಂಡಿಗೆ ಮುಗಿಬೀಳುವುದರಿಂದ. ಪೆನಾಲ್ಟಿ ಕಾರ್ನರ್‌ನಲ್ಲಿ ಒಬ್ಬ ಚೆಂಡನ್ನು ಕೈಯಿಂದ ತಡೆದು ನಿಲ್ಲಿಸಬೇಕು, ಇನ್ನೊಬ್ಬ ಹೊಡೆಯಬೇಕು. ತಡೆಯುತ್ತಿದ್ದವರು ಯಾರೆಂದು ಕೇಳಿ, ಅವರ ಬೆರಳಿನ ಕಥೆಯೇ ಒಂದು ಗಂಟೆಯದು. ಒಲಿಂಪಿಕ್ಸ್ ಹಾಕಿಗೆ ಕೃತಕ ಹುಲ್ಲು ಬಂದದ್ದು 1976ರಲ್ಲಿ. ಇವರದ್ದೆಲ್ಲ ಮಣ್ಣಿನ ಮೈದಾನ, ಚೆಂಡು ಎತ್ತ ಪುಟಿಯುವುದೋ ಯಾರಿಗೂ ತಿಳಿಯದು.

ಓದಿನ ವಿಚಾರ ತಾವಾಗಿ ಹೇಳುವುದಿಲ್ಲ, ಕೆದಕಬೇಕು. ಸಂಜೆ ಪ್ರಾಕ್ಟೀಸ್ ಮುಗಿಸಿ ಬಂದಾಗ ಮೆಸ್ಸಿನಲ್ಲಿ ಏನಿರುತ್ತಿತ್ತು, ಅಟೆಂಡೆನ್ಸ್ ಕಡಿಮೆಯಾದರೆ ಯಾರ ಬಳಿ ಹೋಗುತ್ತಿದ್ದಿರಿ, ಫೀಸು ಯಾರು ಕಟ್ಟಿದರು? ಅಜ್ಜಿಯನ್ನೂ ಕೇಳಿ. ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಓದಿ ಬಂದ ಅಜ್ಜಿಯರಿದ್ದಾರೆ. ಅವರನ್ನು ಕೇಳಿದವರೇ ಕಡಿಮೆ ಎಂಬುದು ನನಗೆ ಬೇಸರದ ಸಂಗತಿ.

ವರ್ಷ ನೆನಪಾಗದಿದ್ದರೆ ಪದವಿ ಪತ್ರದ ಮೊಹರು ನೋಡಿ. ಕೊಡಗು ಪ್ರತ್ಯೇಕವಾಗಿದ್ದ ಕಾಲದಲ್ಲಿ ಮದರಾಸಿನ ಕಡೆ ಹೋಗಿ ಓದಿದವರು ಬಹಳ. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಶುರುವಾದದ್ದು 1949ರಲ್ಲಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಮೊಹರು ಮಂಗಳೂರಿನದ್ದಾದರೆ 1980ರ ಈಚಿನದು, ಆ ವಿಶ್ವವಿದ್ಯಾನಿಲಯ ಹುಟ್ಟಿದ್ದೇ ಆಗ. ‘ಇಂಟರ್‌ಮೀಡಿಯೆಟ್’ ಎಂದವರು ಪಿಯುಸಿ ಬರುವ ಮೊದಲಿನವರು.

ಫೋಟೋದ ವಿಷಯದಲ್ಲಿ ಬಹಳ ಎಚ್ಚರ ಬೇಕು. ನಮ್ಮ ತೇವಕ್ಕೆ ಬೂಷ್ಟು ಹಿಡಿದಿರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಮುಖಗಳೇ ಹೋಗುತ್ತವೆ. ಗಾಜಿಗೆ ಅಂಟಿದ್ದರೆ ಕೀಳಲೇಬೇಡಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಫ್ಲಾಷ್ ಇಲ್ಲದೆ, ಗಾಜಿನ ಮೇಲಿಂದಲೇ ಫೋನಿನಲ್ಲಿ ತೆಗೆಯಿರಿ. ರಟ್ಟಿನ ಕೆಳಗೆ ಅಚ್ಚಾದ ಹೆಸರುಗಳ ಸಾಲನ್ನೂ ಬೆನ್ನನ್ನೂ ಬೇರೆಯಾಗಿ ತೆಗೆಯಿರಿ.

ಆ ಸಾಲಿನಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ. 1972ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದ ಎಂ.ಪಿ. ಗಣೇಶ್ ಅವರ ಹೆಸರಿನ ‘ಎಂ’ ಎಂದರೆ ಮೊಳ್ಳೇರ ಎಂದು ನಮಗೆ ಗೊತ್ತು, ಮೊಮ್ಮಕ್ಕಳಿಗೆ ಗೊತ್ತಿರಲಾರದು. ಒಂದೊಂದು ಮುಖಕ್ಕೂ ಬೆರಳಿಟ್ಟು ಒಕ್ಕದ (ಕೊಡವ ಮನೆತನದ) ಹೆಸರು, ಊರು ಬರೆಸಿಕೊಳ್ಳಿ. ಬರೆದದ್ದನ್ನು ಅವರಿಗೇ ಗಟ್ಟಿಯಾಗಿ ಓದಿ ಹೇಳಿ, ತಿದ್ದಿಸಿಕೊಳ್ಳಿ. ಫೋಟೋದಲ್ಲಿರುವ ಬೇರೆಯವರ ಮನೆಗೂ ಒಂದೊಂದು ಪ್ರತಿ ತಲುಪಿಸಿ, ಅಲ್ಲಿ ಇನ್ನೂ ಯಾರಾದರೂ ಇದ್ದರೆ ಅವರನ್ನೂ ಕೇಳಿ ಬನ್ನಿ.